ದೂರವಾಣಿಯಿಂದ ಚಿಪ್‌ವರೆಗೆ: ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಯ ಮುಂದಿರುವ ದಾರಿಗಳು

ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್ ಓದುವವರು ಐದನೇ ಸೆಮಿಸ್ಟರ್ ಮುಟ್ಟುವ ಹೊತ್ತಿಗೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಯಾವುದಕ್ಕೆ ಸ್ಕೋಪ್ ಇದೆ? ವಿಎಲ್‌ಎಸ್‌ಐ, ಎಂಬೆಡೆಡ್, ಆರ್‌ಎಫ್, ಸಿಗ್ನಲ್ ಪ್ರೊಸೆಸಿಂಗ್, ಪವರ್ ಎಲೆಕ್ಟ್ರಾನಿಕ್ಸ್ ಎಂಬ ಕವಲುಗಳು ಒಮ್ಮೆಗೇ ಹುಟ್ಟಿದವಲ್ಲ. ಒಂದೊಂದೂ ಬಲಿತದ್ದು ಆಯಾ ಕಾಲದ ಅಗತ್ಯದಿಂದ. ಇದನ್ನು ಬೆಂಗಳೂರಿನಷ್ಟು ಸ್ಪಷ್ಟವಾಗಿ ತೋರಿಸುವ ಊರು ದೇಶದಲ್ಲಿ ಇನ್ನೊಂದಿಲ್ಲ.

1948ರಲ್ಲಿ ಇಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ (ಐಟಿಐ) ಶುರುವಾಯಿತು, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್). ಮೊದಲನೆಯದು ದೇಶಕ್ಕೆ ಟೆಲಿಫೋನ್ ತಯಾರಿಸಿತು, ಎರಡನೆಯದು ಸೇನೆಗೆ ರೇಡಿಯೊ, ರೇಡಾರ್ ಒದಗಿಸಿತು. ಆ ತಲೆಮಾರಿನ ಎಂಜಿನಿಯರಿಗೆ ವಿಶೇಷ ಪರಿಣತಿ ಎಂದರೆ ಟ್ರಾನ್ಸ್‌ಮಿಟರ್, ಆಂಟೆನಾ, ಸ್ವಿಚಿಂಗ್. ಪೀಣ್ಯದ ಶೆಡ್ಡುಗಳಲ್ಲಿ ಸಿದ್ಧವಾದ ಆರ್ಯಭಟ 1975ರಲ್ಲಿ ಕಕ್ಷೆ ಸೇರಿದ ಮೇಲೆ ಉಪಗ್ರಹ ಎಲೆಕ್ಟ್ರಾನಿಕ್ಸ್ ಕೂಡ ಒಂದು ವೃತ್ತಿಯಾಯಿತು.

1984ರಲ್ಲಿ ಹುಟ್ಟಿದ ಸರ್ಕಾರಿ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್ ಹಳ್ಳಿಗಳಿಗೆಂದೇ 128 ಪೋರ್ಟ್‌ಗಳ ಸಣ್ಣ ಎಕ್ಸ್‌ಚೇಂಜ್ ರೂಪಿಸಿತು. ಮೊದಲನೆಯದು 1986ರಲ್ಲಿ ನಮ್ಮ ಕಿತ್ತೂರಿನಲ್ಲಿ ಚಾಲನೆಗೆ ಬಂತು. ಎಸಿ ಇಲ್ಲದ ಕೋಣೆಯಲ್ಲಿ, ದೂಳು ಸೆಕೆಗಳ ನಡುವೆ ಅದು ನಡೆಯಬೇಕಿತ್ತು. ಕರೆಗಳನ್ನು ಜೋಡಿಸುವ ಕೆಲಸ ರಿಲೇಗಳಿಂದ ಮೈಕ್ರೊಪ್ರೊಸೆಸರ್‌ಗೂ ಅದರೊಳಗಿನ ಪ್ರೋಗ್ರಾಂಗೂ ವರ್ಗವಾಯಿತು. ಹಾರ್ಡ್‌ವೇರ್, ಸಾಫ್ಟ್‌ವೇರ್ ಎರಡೂ ಬಲ್ಲವರಿಗೆ ಬೇಡಿಕೆ ಬಂದದ್ದು ಹೀಗೆ. ಇಂದಿನ ಎಂಬೆಡೆಡ್ ಕ್ಷೇತ್ರದ ಬೇರು ಇಂಥ ಕೆಲಸಗಳಲ್ಲಿದೆ.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. ಇಲ್ಲಿ ಮಾಡಿದ ವಿನ್ಯಾಸ ಉಪಗ್ರಹ ಸಂಪರ್ಕದ ಮೂಲಕ ಅಮೆರಿಕಕ್ಕೆ ಹೋಗುತ್ತಿತ್ತು. ಕಾರ್ಖಾನೆ ಎಲ್ಲೋ ಇದ್ದರೂ ಚಿಪ್ ವಿನ್ಯಾಸ ಇಲ್ಲಿ ಆಗಬಹುದು ಎಂಬುದು ಖಾತ್ರಿಯಾದ ಮೇಲೆ ಉಳಿದ ಕಂಪನಿಗಳೂ ಬಂದವು. ವಿಎಲ್‌ಎಸ್‌ಐ ಎಲ್ಲರ ಕಣ್ಣು ಬಿದ್ದ ಕವಲಾಯಿತು.

ಈ ಕೆಲಸದ ಒಳಗೆ ಇರುವುದೇನು? ಫ್ಲಿಪ್‌ಫ್ಲಾಪ್‌ಗೆ ಬರುವ ಡೇಟಾ ಕ್ಲಾಕ್ ಬಡಿಯುವ ಮುಂಚೆಯೇ ಸ್ಥಿರವಾಗಿ ನಿಂತಿರಬೇಕು. ಇದು ಸೆಟಪ್ ಟೈಮ್. ಕ್ಲಾಕ್ 1 ಗಿಗಾಹರ್ಟ್ಸ್ ಇದ್ದರೆ ಸಿಗುವ ಅವಕಾಶ ಬರೀ 1 ನ್ಯಾನೊಸೆಕೆಂಡ್. ಅಷ್ಟರಲ್ಲಿ ಸಿಗ್ನಲ್ ಗೇಟ್‌ಗಳನ್ನೂ ತಂತಿಗಳನ್ನೂ ದಾಟಿ ಬರಬೇಕು. ಫ್ಯಾಬ್‌ನಿಂದ ಹೊರಬಂದ ಚಿಪ್ಪನ್ನು ತಿದ್ದಲಾಗದು. ಹಾಗಾಗಿ ಲಕ್ಷಾಂತರ ದಾರಿಗಳನ್ನು ಮೊದಲೇ ಪರೀಕ್ಷಿಸುವುದಕ್ಕೆಂದೇ ಟೈಮಿಂಗ್, ವೆರಿಫಿಕೇಷನ್ ತಂಡಗಳಿರುತ್ತವೆ. ಪರೀಕ್ಷೆಗೆಂದು ಉರು ಹೊಡೆದು ಮರೆತ ಡಿಜಿಟಲ್ ಎಲೆಕ್ಟ್ರಾನಿಕ್ಸ್ ಪಾಠವೇ ಇಲ್ಲಿ ದಿನನಿತ್ಯದ ದುಡಿಮೆ.

2021ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ 76,000 ಕೋಟಿ ರೂಪಾಯಿಯ ಸೆಮಿಕಂಡಕ್ಟರ್ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಗುಜರಾತಿನ ಧೋಲೇರಾದ ಫ್ಯಾಬ್, ಸಾಣಂದದ ಪ್ಯಾಕೇಜಿಂಗ್ ಘಟಕಗಳಿಂದಾಗಿ ತಯಾರಿಕೆ, ಟೆಸ್ಟಿಂಗ್ ಕಡೆಯೂ ದಾರಿ ತೆರೆಯುತ್ತಿದೆ. ಇನ್ನೊಂದೆಡೆ, ಹಳೆಯದೆಂದು ಬದಿಗೆ ಸರಿದಿದ್ದ ಪವರ್ ಎಲೆಕ್ಟ್ರಾನಿಕ್ಸ್‌ಗೆ ಎಲೆಕ್ಟ್ರಿಕ್ ವಾಹನಗಳು ಮರುಜೀವ ಕೊಟ್ಟಿವೆ. ಬ್ಯಾಟರಿಯ ಡಿಸಿ ವಿದ್ಯುತ್ತನ್ನು ಮೋಟಾರಿಗೆ ಬೇಕಾದ ಮೂರು ಫೇಸ್ ಎಸಿಯಾಗಿ ಬದಲಿಸುವ ಇನ್ವರ್ಟರ್ ಇಲ್ಲದೆ ಅಂಥ ಹೆಚ್ಚಿನ ಗಾಡಿಗಳು ಉರುಳುವುದಿಲ್ಲ.

ಈ ಏಳು ದಶಕಗಳಲ್ಲಿ ಬೇಡಿಕೆಯ ಕವಲು ಮತ್ತೆ ಮತ್ತೆ ಬದಲಾಗಿದೆ. ಬದಲಾಗದ್ದು ಮೂರು: ಸರ್ಕ್ಯೂಟ್, ಸಿಗ್ನಲ್, ವಿದ್ಯುತ್‌ಕಾಂತ ಕ್ಷೇತ್ರ. ಸರ್ಕ್ಯೂಟ್ ಹಿಡಿಸಿದವರಿಗೆ ಚಿಪ್ ವಿನ್ಯಾಸವೂ ಪವರ್ ಎಲೆಕ್ಟ್ರಾನಿಕ್ಸೂ ಒಗ್ಗುತ್ತವೆ. ಗಣಿತದಲ್ಲಿ ಆಸೆಯಿದ್ದವರಿಗೆ ಸಿಗ್ನಲ್ ಪ್ರೊಸೆಸಿಂಗ್, ಅಲೆಗಳ ಲೆಕ್ಕ ಕೈಗೆ ಹತ್ತಿದವರಿಗೆ ಆರ್‌ಎಫ್. ಕೋಡ್ ಬರೆದು ಬೋರ್ಡ್ ಮೇಲೆ ಓಡಿಸುವ ಹುಚ್ಚಿದ್ದವರಿಗೆ ಎಂಬೆಡೆಡ್. ಕೋಚಿಂಗ್ ಸೆಂಟರಿನ ಜಾಹೀರಾತು ನೋಡಿ ದುಡ್ಡು ಕಟ್ಟುವ ಮೊದಲು ಈ ಮೂರರಲ್ಲಿ ಒಂದನ್ನು ಆಳವಾಗಿ ಕಲಿಯಿರಿ. ಏಳನೇ ಸೆಮಿಸ್ಟರಿನ ಪ್ರಾಜೆಕ್ಟನ್ನು ಕೊಂಡು ತರದೆ ಸ್ವಂತ ಕೈಯಿಂದ ಮಾಡಿ. ಅದನ್ನು ಮಾಡುವಾಗ ಯಾವ ಭಾಗ ನಿಮಗೆ ಬೇಸರ ತರಲಿಲ್ಲವೋ ಅದನ್ನೇ ಆರಿಸಿಕೊಳ್ಳಿ.