ಎರಡು ಬಿಡುವು, ಒಂದು ತೊಟ್ಟಿಲು

ಕಳೆ ತೆಗೆಯುವ ಕಾಲದಲ್ಲಿ ಹೊಲದ ಬದುವಿನ ಮೇಲೆ ಒಂದು ನೋಟವನ್ನು ನೀವು ಕಂಡಿರಬಹುದು. ಹೊಂಗೆಯದೋ ಬೇವಿನದೋ ಕೊಂಬೆಗೆ ಹಳೆಯ ಸೀರೆಯ ಜೋಲಿ ಕಟ್ಟಿರುತ್ತದೆ. ಅದರೊಳಗೆ ಎಳೆಗೂಸು. ಕೂಸು ಅತ್ತಾಗ ತಾಯಿ ಕೈ ತೊಳೆದು ಬಂದು, ನೆರಳಿನಲ್ಲಿ ಕುಳಿತು ಹಾಲೂಡಿಸಿ, ಮತ್ತೆ ತನ್ನ ಸಾಲಿಗೆ ಮರಳುತ್ತಾಳೆ. ಆಕೆಯ ದುಡಿಮೆ ಸುಖದ್ದೆಂದು ಯಾರೂ ಹೇಳಲಾರರು. ಆದರೆ ದುಡಿಮೆಗೂ ಕೂಸಿಗೂ ನಡುವಿನ ದೂರ ಹತ್ತಿಪ್ಪತ್ತು ಹೆಜ್ಜೆ ಮಾತ್ರ.

ಹೆರಿಗೆಯ ನಂತರ ಕೆಲಸಕ್ಕೆ ಮರಳಿದ ತಾಯಿ ಹಾಲೂಡಿಸುವುದನ್ನು ಮುಂದುವರಿಸುವುದು ಹೇಗೆ ಎಂಬ ಪ್ರಶ್ನೆ ಸಮಸ್ಯೆಯಾದದ್ದು ಈ ದೂರ ಬೆಳೆದ ಮೇಲೆ. ಆ ದೂರದ ಚರಿತ್ರೆಯೇ ಈ ಲೇಖನದ ವಿಷಯ.

ಮೊದಲು ಸ್ವಲ್ಪ ವಿಜ್ಞಾನ. ಮಗು ಚೀಪಿದಾಗ ತಾಯಿಯ ಮೆದುಳಿಗೆ ಸಂದೇಶ ಹೋಗುತ್ತದೆ. ಪಿಟ್ಯುಟರಿ ಗ್ರಂಥಿಯಿಂದ ಎರಡು ಹಾರ್ಮೋನುಗಳು ಹೊರಬರುತ್ತವೆ. ಪ್ರೊಲ್ಯಾಕ್ಟಿನ್ ಹಾಲನ್ನು ಉತ್ಪಾದಿಸುತ್ತದೆ. ಆಕ್ಸಿಟೋಸಿನ್ ಅದನ್ನು ಹೊರಗೆ ಹರಿಸುತ್ತದೆ. ಎದೆಯಲ್ಲಿ ಹಾಲು ಗಂಟೆಗಟ್ಟಲೆ ತುಂಬಿಕೊಂಡೇ ಇದ್ದರೆ ಉತ್ಪಾದನೆ ನಿಧಾನವಾಗುತ್ತದೆ. ಬಾವಿಯ ನೀರನ್ನು ಸೇದಿದಷ್ಟೂ ಊಟೆ ಒಡೆಯುತ್ತದೆ ಎನ್ನುತ್ತಾರಲ್ಲ, ಹಾಗೆ. ಆದ್ದರಿಂದ ಬೆಳಿಗ್ಗೆ ಹೊರಟು ಸಂಜೆ ಮರಳುವ ತಾಯಿಗೆ ನಡುವೆ ಹಾಲೂಡಿಸಲು ಅಥವಾ ಹಿಂಡಿ ತೆಗೆಯಲು ಅವಕಾಶವಿಲ್ಲದಿದ್ದರೆ ಕೆಲವೇ ವಾರಗಳಲ್ಲಿ ಹಾಲು ಇಳಿಯುತ್ತದೆ. ಇದು ಆಕೆಯ ಅಶ್ರದ್ಧೆಯಲ್ಲ, ಶರೀರದ ನಿಯಮ.

ಕಾರ್ಖಾನೆಗಳು ಈ ನಿಯಮವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಮುಂಬಯಿಯಲ್ಲಿ ಹತ್ತಿ ಗಿರಣಿಗಳು ಆರಂಭವಾದವು. ಗಿರಣಿಯ ಕೂಗಿಗೆ ಸರಿಯಾಗಿ ಒಳಹೋದ ಹೆಂಗಸು ಹಗಲೆಲ್ಲ ಅಲ್ಲೇ ಇರಬೇಕಿತ್ತು. ಹಸಿದ ಕೂಸು ಅಳದಂತೆ ಅಫೀಮಿನ ಸಣ್ಣ ಗುಳಿಗೆಯನ್ನು ತಿನ್ನಿಸಿ ಮಲಗಿಸುವ ಪದ್ಧತಿ ಗಿರಣಿ ಕಾರ್ಮಿಕರಲ್ಲಿ ಹರಡಿತ್ತು. 1920ರ ದಶಕದ ವೈದ್ಯಕೀಯ ವರದಿಗಳು ಇದನ್ನು ದಾಖಲಿಸಿವೆ. ಅಫೀಮು ಹಸಿವನ್ನು ಅಡಗಿಸುತ್ತದೆ, ಉಸಿರಾಟವನ್ನು ಕುಗ್ಗಿಸುತ್ತದೆ. ಆ ತಾಯಂದಿರಿಗೆ ಕೂಸಿನ ಮೇಲೆ ಮಮತೆಯಿರಲಿಲ್ಲವೆ? ಇತ್ತು. ಇಲ್ಲದ್ದು ಬಿಡುವು ಮತ್ತು ತೊಟ್ಟಿಲು.

1919ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮೊದಲ ಸಮ್ಮೇಳನವು ಹಾಲೂಡಿಸುವ ತಾಯಿಗೆ ಕೆಲಸದ ವೇಳೆಯಲ್ಲೇ ದಿನಕ್ಕೆ ಎರಡು ಬಾರಿ ಅರ್ಧ ಗಂಟೆಯ ಬಿಡುವು ಕೊಡಬೇಕೆಂಬ ಒಪ್ಪಂದವನ್ನು ಅಂಗೀಕರಿಸಿತು. ಭಾರತ ಅದನ್ನು ಸ್ಥಿರೀಕರಿಸಲಿಲ್ಲ. ಆದರೆ ಚರ್ಚೆ ಇಲ್ಲಿಯೂ ಹುಟ್ಟಿತು. 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯದ ಮಸೂದೆ ಬಂದಾಗ ಡಾ. ಬಿ. ಆರ್. ಅಂಬೇಡ್ಕರ್ ಅದನ್ನು ಬೆಂಬಲಿಸಿ ಮಾತನಾಡಿದರು. ಹೆರಿಗೆಯ ಹಿಂದುಮುಂದಿನ ದಿನಗಳಲ್ಲಿ ತಾಯಿಗೆ ವಿಶ್ರಾಂತಿ ದೊರೆಯುವುದು ರಾಷ್ಟ್ರದ ಹಿತಕ್ಕೆ ಸಂಬಂಧಿಸಿದ್ದೆಂಬುದು ಅವರ ವಾದವಾಗಿತ್ತು. 1929ರಲ್ಲಿ ಅದು ಕಾಯಿದೆಯಾಯಿತು.

ಅದು ಹೆರಿಗೆಯ ದಿನಗಳಿಗೆ ಸಂಬಂಧಿಸಿದ ಕಾಯಿದೆ. ರಜೆ ಮುಗಿದ ಮರುದಿನದ ಪ್ರಶ್ನೆ ಹಾಗೆಯೇ ಉಳಿಯಿತು. 1948ರ ಕಾರ್ಖಾನೆಗಳ ಕಾಯಿದೆ 50ಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೇಂದ್ರ, ಅಂದರೆ ನಾವು ಕ್ರೆಷ್ ಎನ್ನುವ ವ್ಯವಸ್ಥೆ, ಇರಬೇಕೆಂದು ವಿಧಿಸಿತು. 1976ರಲ್ಲಿ ಆ ಸಂಖ್ಯೆಯನ್ನು 30ಕ್ಕೆ ಇಳಿಸಲಾಯಿತು. 1951ರ ತೋಟ ಕಾರ್ಮಿಕರ ಕಾಯಿದೆಯ ಮೂಲಕ ಇಂಥ ಕೇಂದ್ರಗಳ ನಿಯಮ ಕೊಡಗು, ಚಿಕ್ಕಮಗಳೂರುಗಳ ದೊಡ್ಡ ಕಾಫಿ ತೋಟಗಳಿಗೂ ಅನ್ವಯಿಸಿತು.

1961ರ ಹೆರಿಗೆ ಸೌಲಭ್ಯ ಕಾಯಿದೆ ಎರಡು ಮುಖ್ಯ ಮಾತುಗಳನ್ನು ಹೇಳಿತು. ಹನ್ನೆರಡು ವಾರಗಳ ಸಂಬಳಸಹಿತ ರಜೆ ಒಂದು. ಕೆಲಸಕ್ಕೆ ಮರಳಿದ ತಾಯಿಗೆ, ಮಗುವಿಗೆ 15 ತಿಂಗಳು ತುಂಬುವವರೆಗೆ, ಮಾಮೂಲು ವಿರಾಮವಲ್ಲದೆ ದಿನಕ್ಕೆ ಎರಡು ಹಾಲೂಡಿಸುವ ಬಿಡುವು ಇನ್ನೊಂದು. ಗಣಿ ಮತ್ತು ಸರ್ಕಸ್ಸುಗಳಿಗಾಗಿ 1963ರಲ್ಲಿ ಮಾಡಿದ ನಿಯಮಗಳು ಒಂದೊಂದು ಬಿಡುವನ್ನು 15 ನಿಮಿಷವೆಂದು ಗೊತ್ತುಪಡಿಸಿದವು. ಮಗು ಹತ್ತಿರದಲ್ಲಿಲ್ಲದಿದ್ದರೆ ಹೋಗಿಬರಲು ಹೆಚ್ಚುವರಿಯಾಗಿ 5ರಿಂದ 15 ನಿಮಿಷ.

ಇಲ್ಲಿ ಒಂದು ಸರಳ ಗಣಿತವಿದೆ. ಹೋಗಿಬರಲು ಹದಿನೈದು ನಿಮಿಷವೆಂದರೆ ಮಗು ಅರ್ಧ ಕಿಲೋಮೀಟರಿನ ಆಸುಪಾಸಿನಲ್ಲಿ ಇರಬೇಕು. ಬೆಂಗಳೂರಿನಂಥ ಊರಿನಲ್ಲಿ ಎರಡು ಬಸ್ಸು ಬದಲಿಸಿ ಕೆಲಸಕ್ಕೆ ಬರುವ ತಾಯಿಗೆ ಆ ಬಿಡುವಿನಿಂದ ಏನು ಪ್ರಯೋಜನ? ತೊಟ್ಟಿಲಿಲ್ಲದೆ ಬಿಡುವು ವ್ಯರ್ಥ, ಬಿಡುವಿಲ್ಲದೆ ತೊಟ್ಟಿಲು ವ್ಯರ್ಥ. ಎರಡೂ ಒಟ್ಟಿಗೆ ಇರಬೇಕು ಎಂಬುದೇ ಈ ಚರಿತ್ರೆಯ ಮುಖ್ಯ ಪಾಠ.

ನನ್ನದೇ ಒಂದು ಸಂಗತಿ ಹೇಳುತ್ತೇನೆ. ನನ್ನ ಮಗಳಿಗೆ ಮೂರು ತಿಂಗಳು ತುಂಬುವ ಮೊದಲೇ ನಾನು ಕೆಲಸಕ್ಕೆ ಮರಳಿದೆ. ಆಗ ಕೆಲಸ ಮಾಡುತ್ತಿದ್ದ ಕಡೆ ಸಂಕಲನ ಕೊಠಡಿಯಲ್ಲಿ ಕುಳಿತಿರುವಾಗ ಮಧ್ಯಾಹ್ನದ ಹೊತ್ತಿಗೆ ಹಾಲು ಕಟ್ಟಿಕೊಂಡು ಎದೆ ನೋಯುತ್ತಿತ್ತು. ಬೇರೆ ಜಾಗವಿಲ್ಲದೆ ಶೌಚಾಲಯದಲ್ಲಿ ನಿಂತು ಹಾಲು ಹಿಂಡಿ ಚೆಲ್ಲುತ್ತಿದ್ದೆ. ಅದೇ ಹೊತ್ತಿನಲ್ಲಿ ಮನೆಯಲ್ಲಿ ಅಮ್ಮ ಮಗುವಿಗೆ ಡಬ್ಬಿಯ ಹಾಲು ಕಲಸುತ್ತಿದ್ದಳು. ಐದನೆಯ ತಿಂಗಳಿಗೆ ನನ್ನ ಹಾಲು ನಿಂತಿತು. ನನ್ನಲ್ಲೇ ಏನೋ ಕೊರತೆಯೆಂದು ಬಹಳ ದಿನ ಕೊರಗಿದೆ. 1961ರಿಂದಲೂ ಕಾಯಿದೆಯಲ್ಲಿದ್ದ ಆ ಎರಡು ಬಿಡುವುಗಳ ಸುದ್ದಿಯನ್ನು ಯಾರೂ ನನಗೆ ಹೇಳಿರಲಿಲ್ಲ. ವಿಜ್ಞಾನದ ಪದವೀಧರೆಯಾದ ನಾನೂ ಕೇಳಿರಲಿಲ್ಲ.

ಇಂದು ಕಾನೂನು ಮುಂದೆ ಬಂದಿದೆ. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ರಜೆ 26 ವಾರಗಳಾಯಿತು. ಆರು ತಿಂಗಳವರೆಗೆ ಎದೆಹಾಲು ಮಾತ್ರ, ಆಮೇಲೆ ಇತರ ಆಹಾರದೊಂದಿಗೆ ಎರಡು ವರ್ಷ ಮತ್ತು ಅದಕ್ಕೂ ಮುಂದಕ್ಕೆ ಎದೆಹಾಲು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಗೆ ಇದು ಹತ್ತಿರ ಬರುತ್ತದೆ. 50 ಅಥವಾ ಹೆಚ್ಚು ನೌಕರರಿರುವಲ್ಲಿ ಕ್ರೆಷ್ ಇರಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಬಹುದು ಎಂದಿತು ಆ ತಿದ್ದುಪಡಿ. ಬಿಡುವು ಮತ್ತು ತೊಟ್ಟಿಲು ಕೊನೆಗೂ ಒಂದೆಡೆ ಸೇರಿದವು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇವೆರಡನ್ನೂ ಉಳಿಸಿಕೊಂಡಿದೆ.

ಆದರೆ ಮನೆಗೆಲಸದವರು, ಕೂಲಿಯವರು, ಕಟ್ಟಡ ಕಟ್ಟುವವರು? ಇವರಿಗೆ ರಜೆಯ ಅರ್ಜಿ ಕೊಡಲು ಕಚೇರಿಯೇ ಇಲ್ಲ. 1969ರಲ್ಲಿ ದೆಹಲಿಯ ಕಟ್ಟಡದ ಕಾಮಗಾರಿಯೊಂದರಲ್ಲಿ ಮಣ್ಣಿನಲ್ಲಿ ಮಲಗಿದ್ದ ಕೂಸುಗಳನ್ನು ಕಂಡ ಮೀರಾ ಮಹಾದೇವನ್ ಅಲ್ಲೇ ಒಂದು ಕ್ರೆಷ್ ಆರಂಭಿಸಿದರು. ಅದು ಮೊಬೈಲ್ ಕ್ರೆಷಸ್ ಸಂಸ್ಥೆಯಾಗಿ ಬೆಳೆಯಿತು. 2005ರ ಉದ್ಯೋಗ ಖಾತರಿ ಕಾಯಿದೆ, ಕೆಲಸದ ಸ್ಥಳದಲ್ಲಿ ಐದು ಅಥವಾ ಹೆಚ್ಚು ಎಳೆಯ ಮಕ್ಕಳಿದ್ದರೆ ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಬೇಕೆಂದಿತು. ಕರ್ನಾಟಕ ಸರ್ಕಾರ 2023ರಲ್ಲಿ ಗ್ರಾಮ ಪಂಚಾಯಿತಿ ಮಟ್ಟದ ‘ಕೂಸಿನ ಮನೆ’ ಯೋಜನೆಯನ್ನು ಘೋಷಿಸಿತು. ಹೊಂಗೆಮರದ ಜೋಲಿಗೆ ಸೂರು ಕೊಡುವ ಪ್ರಯತ್ನವೆಂದು ಇವನ್ನೆಲ್ಲ ಕರೆಯಬಹುದು.

ವಿದ್ಯಾರ್ಥಿಗಳೇ, ನಾಳೆ ನಿಮ್ಮಲ್ಲಿ ಕೆಲವರು ತಾಯಂದಿರಾಗುತ್ತೀರಿ, ಕೆಲವರು ತಂದೆಯರು, ಕೆಲವರು ಮೇಲಧಿಕಾರಿಗಳು. ನಿಮ್ಮ ಶಾಲಾ ಕಾಲೇಜುಗಳಲ್ಲೇ ಹಾಲೂಡಿಸುವ ತಾಯಂದಿರಾದ ಅಧ್ಯಾಪಕಿಯರೂ ಆಯಾಗಳೂ ಇರಬಹುದು. ಅವರಿಗೆ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಶುಚಿಯಾದ ಕೋಣೆಯಿದೆಯೆ, ಎರಡು ಬಿಡುವಿದೆಯೆ, ಮಗು ಎಷ್ಟು ದೂರದಲ್ಲಿದೆ ಎಂದು ಗಮನಿಸಿ. ಉತ್ತರ ಸಿಗದಿದ್ದರೆ ಕೇಳಿ. ನಾನು ಕೇಳದೆ ಕಳೆದುಕೊಂಡದ್ದನ್ನು ನೀವು ಕೇಳಿ ಇನ್ನೊಬ್ಬರಿಗೆ ಉಳಿಸಿಕೊಡಬಹುದು.