ಕಲ್ಯಾಣದ ದನಿ: ಸೌಂಡ್ ಓದೋದು ಅಂದ್ರೆ ಏನು?

ಇಯರ್‌ಫೋನ್ ಹಾಕ್ಕೊಂಡೇ ಕೇಳ್ರಿ, ಇವತ್ತಿನ ವಿಷಯ ಕಿವಿದೇ.

ಹೋದ ತಿಂಗಳು ಹುಮನಾಬಾದಿನಿಂದ ಒಂದು ವಾಯ್ಸ್ ಮೆಸೇಜ್ ಬಂತು. ಸೆಕೆಂಡ್ ಪಿಯುಸಿ ಸೈನ್ಸ್ ಓದುವ ಹುಡುಗಿ. "ಅಕ್ಕಾ, ನನಗ ಸೌಂಡ್ ಡಿಸೈನ್ ಓದಬೇಕಂತ ಅದ. ಅಪ್ಪಾಜಿ ಕೇಳ್ತಾರ, ಸೌಂಡ್ ಓದಿ ಏನ್ ಮಾಡ್ತಿ, ಮದುವಿಯಾಗ ಡಿಜೆ ಹಚ್ತೀಯೇನು ಅಂತ. ಏನ್ ಹೇಳ್ಲಿ?"

ನನಗೂ ತಕ್ಷಣ ಉತ್ತರ ಹೊಳೀಲಿಲ್ಲ. ನಾನು ಓದಿದ್ದು ಬಿಕಾಂ. ಮೈಕ್ ಹಿಡಿಯೋದನ್ನ ಯೂಟ್ಯೂಬ್ ನೋಡಿ ಕಲಿತವಳು. ಆದರೆ ಆ ಅಪ್ಪಾಜಿಯ ಪ್ರಶ್ನೆಗೆ ಅವರ ಊರಿನ ಪಕ್ಕದಲ್ಲೇ, ಬಸವಕಲ್ಯಾಣದಲ್ಲಿ, ಸುಮಾರು 900 ವರ್ಷ ಹಳೆಯ ಉತ್ತರ ಒಂದಿದೆ.

ಆಗ ಅದು ಬರೀ ಕಲ್ಯಾಣ, ಚಾಲುಕ್ಯರ ರಾಜಧಾನಿ. ಆರನೇ ವಿಕ್ರಮಾದಿತ್ಯನ ಮಗ ಮೂರನೇ ಸೋಮೇಶ್ವರ 1126ರ ಸುಮಾರಿಗೆ ಪಟ್ಟಕ್ಕೆ ಬಂದ. ಯುದ್ಧಕ್ಕಿಂತ ಪುಸ್ತಕದಿಂದಲೇ ಹೆಸರಾದ ರಾಜ. ಅವನ 'ಮಾನಸೋಲ್ಲಾಸ' ಸಂಸ್ಕೃತದಲ್ಲಿದೆ, 1129ರ ಹೊತ್ತಿನದು. ಐದು ಭಾಗ, ಒಂದೊಂದರಲ್ಲಿ 20 ಅಧ್ಯಾಯ, ಒಟ್ಟು 100. ಇದರ ಅಡುಗೆಯ ಭಾಗದ ಮೇಲೆ ನೀವು ರೀಲ್ಸ್ ನೋಡಿರ್ತೀರಿ: ಇಡ್ಲಿ, ದೋಸೆ, ವಡೆ ಆಗಲೇ ಇತ್ತು ಅಂತ. ಸರಿ, ಇತ್ತು. ಆದರೆ ಅದೇ ಪುಸ್ತಕದಲ್ಲಿ ಹಾಡಿಗೆ ಒಂದು ಅಧ್ಯಾಯ, ವಾದ್ಯಕ್ಕೆ ಒಂದು, ನೃತ್ಯಕ್ಕೆ ಒಂದು ಇದೆ. ಅದಕ್ಕೆ ಯಾರೂ ರೀಲ್ಸ್ ಮಾಡಿಲ್ಲ.

ರಾಜ ಈ ಅಧ್ಯಾಯಗಳಿಗೆ ಕೊಟ್ಟ ಹೆಸರು 'ವಿನೋದ'. ಗೀತವಿನೋದ, ವಾದ್ಯವಿನೋದ. ಟೈಂಪಾಸ್ ಅನ್ನೋ ಹಾಗೆ ಕೇಳಿಸುತ್ತೆ ಅಲ್ವಾ? ಒಳಗೆ ಹೋದರೆ ಪೂರ್ತಿ ಪಾಠ. ಹಾಡುವವರ ಗುಣ ಯಾವುದು, ದೋಷ ಯಾವುದು. ವಾದ್ಯಗಳಲ್ಲಿ ತಂತಿಯದು, ಚರ್ಮದ ಹೊದಿಕೆಯದು, ಲೋಹ ಬಡಿಯೋದು, ಗಾಳಿ ಊದೋದು ಅಂತ ನಾಲ್ಕು ಜಾತಿ.

ನನ್ನನ್ನು ನಿಲ್ಲಿಸಿದ್ದು ಇನ್ನೊಂದು ಜಾಗ. ಯಾವ ಹಾಡು ಯಾವ ಕೆಲಸಕ್ಕೆ ಅಂತ ಸೋಮೇಶ್ವರ ಹೇಳ್ತಾ ಹೋಗ್ತಾನೆ. ಕಥೆ ಹೇಳೋಕೆ ಷಟ್ಪದಿ. ಮದುವೆಗೆ ಧವಳ. ಧ್ಯಾನಕ್ಕೆ ಚರ್ಯಾ. ಕಾಳು ಕುಟ್ಟುವಾಗ ತ್ರಿಪದಿ. ಒನಕೆ ಎತ್ತಿ ಹಾಕುವ ಹೆಂಗಸರ ಹಾಡು, ರಾಜನ ಸಂಸ್ಕೃತ ಪುಸ್ತಕದೊಳಗೆ! ಆ ಮೂರು ಸಾಲಿನ ಹಾಡು ನಮ್ಮ ಕಡೆ ಬೀಸುವ ಪದ, ಕುಟ್ಟುವ ಪದ ಆಗಿ ಅಜ್ಜಿಯರ ಬಾಯಲ್ಲಿ ಇವತ್ತಿಗೂ ಉಳಿದಿದೆ. ಅಂದರೆ ಆ ರಾಜ ಅರಮನೆಯ ಗಾಯಕರನ್ನು ಮಾತ್ರ ಕೇಳಿಸಿಕೊಂಡವನಲ್ಲ. ಕೆಲಸದ ದನಿಯನ್ನೂ ಕೇಳಿ, ಅದಕ್ಕೊಂದು ಹೆಸರು, ಒಂದು ಜಾಗ ಕೊಟ್ಟ. ಸೌಂಡ್ ಓದೋದು ಅಂದ್ರೆ ಮೊದಲು ಇದೇ.

ಅವನ ಮಗ ಇಮ್ಮಡಿ ಜಗದೇಕಮಲ್ಲನೂ 'ಸಂಗೀತ ಚೂಡಾಮಣಿ' ಬರೆದ. ಮುಂದಿನ ಶತಮಾನದಲ್ಲಿ ದೇವಗಿರಿಯ ಶಾರ್ಙ್ಗದೇವ 'ಸಂಗೀತ ರತ್ನಾಕರ' ಬರೆಯುವಾಗ ಹಿಂದಿನ ಪಂಡಿತರ ಪಟ್ಟಿಯಲ್ಲಿ ಈ ಅಪ್ಪ-ಮಗ ಇಬ್ಬರ ಹೆಸರನ್ನೂ ಸೇರಿಸಿದ. ಹಿಂದೂಸ್ತಾನಿ, ಕರ್ನಾಟಕ ಎರಡೂ ಕಡೆಯವರು ಗೌರವಿಸುವ ಪುಸ್ತಕ ಅದು.

ಇನ್ನೊಂದು ಮಾತನ್ನೂ ಹೇಳಲೇಬೇಕು. ಸೋಮೇಶ್ವರ ಹೋಗಿ ಮೂರು ದಶಕ ಆಗೋದರೊಳಗೆ ಇದೇ ಊರಿನಲ್ಲಿ ಬಸವಣ್ಣನವರು, ತಮಗೆ ತಾಳ-ಲಯದ ಲೆಕ್ಕ ತಿಳಿಯದು ಅನ್ನೋ ವಚನ ಹೇಳಿದರು. ಶಾಸ್ತ್ರ ಬರೆದ ಊರಿನಲ್ಲೇ ಶಾಸ್ತ್ರ ಬೇಡ ಎಂದ ದನಿ. ನನಗೆ ಎರಡೂ ಬೇಕು.

ಆದರೆ ಆ ದನಿಗಳು ಎಲ್ಲಿ? ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿ ದೇವಸ್ಥಾನದಲ್ಲಿ ಒಬ್ಬ ಶಿಲಾಬಾಲಿಕೆ ಇದ್ದಾಳೆ. ಬೆನ್ನು ತಿರುಗಿಸಿ ನಿಂತು ವಿಕ್ರಮಾದಿತ್ಯನನ್ನು ಹೊಗಳಿ ಶಾಸನ ಬರೀತಿದ್ದಾಳೆ. ಅವಳ ಅಕ್ಷರ ಈಗಲೂ ಓದಬಹುದು. ಅವಳ ಕಾಲದ ಒಂದೇ ಒಂದು ಸ್ವರ ಕೇಳೋಕೆ ಆಗಲ್ಲ. ಅಷ್ಟು ಹಿಂದೆ ಯಾಕೆ ಹೋಗಬೇಕು? ಮಾಣಿಕಪ್ರಭುಗಳು 1817ರಲ್ಲಿ ಲಾಡವಂತಿಯಲ್ಲಿ ಹುಟ್ಟಿ, ಕಲ್ಯಾಣದಲ್ಲಿ ಬೆಳೆದು, ಹುಮನಾಬಾದ್ ಪಕ್ಕ ಮಾಣಿಕನಗರ ಕಟ್ಟಿದವರು. ಮರಾಠಿ, ಕನ್ನಡ, ಹಿಂದಿಯಲ್ಲಿ ಪದಗಳನ್ನು ರಚಿಸಿದರು. ದತ್ತ ಜಯಂತಿಯಲ್ಲಿ ಅಲ್ಲಿ ಈಗಲೂ ಸಂಗೀತ ನಡೆಯುತ್ತೆ. ಅವರು ಸಮಾಧಿಯಾದದ್ದು 1865ರಲ್ಲಿ. ಎಡಿಸನ್ ಫೋನೋಗ್ರಾಫ್ ಮಾಡಿದ್ದು 1877ರಲ್ಲಿ. 12 ವರ್ಷ. ಅಷ್ಟರಲ್ಲೇ ಅವರ ದನಿ ತಪ್ಪಿಹೋಯಿತು.

ದನಿ ಹಿಡಿದಿಡೋಕೆ ಬಂದಮೇಲೆ ಓದೂ ಬದಲಾಯಿತು. 1948ರಲ್ಲಿ ಪ್ಯಾರಿಸ್ ರೇಡಿಯೋದ ಪಿಯೆರ್ ಶೆಫರ್ ಅನ್ನೋರು ರೈಲು ಇಂಜಿನ್ನಿನ ಸದ್ದು ರೆಕಾರ್ಡ್ ಮಾಡಿ, ಅದನ್ನೇ ತುಂಡು ಮಾಡಿ ಜೋಡಿಸಿ ಸಂಗೀತ ಕೃತಿ ಮಾಡಿದರು. ಹಾಡಿಲ್ಲ, ವಾದ್ಯ ಇಲ್ಲ, ಬರೀ ರೈಲು. ಬೀದರ್–ಕಲಬುರಗಿ ಲೈನ್ ಪೂರ್ತಿಯಾಗಿ ಉದ್ಘಾಟನೆ ಆಗಿದ್ದು 2017ರ ಅಕ್ಟೋಬರಿನಲ್ಲಿ. ಹುಮನಾಬಾದಿಗೆ ಆ ಸದ್ದು ಇನ್ನೂ ಹೊಸದು, ಯಾರಾದರೂ ರೆಕಾರ್ಡ್ ಮಾಡ್ರಪ್ಪ.

ನಮ್ಮ ದೇಶದಲ್ಲಿ 1969ರಲ್ಲೇ ಅಹಮದಾಬಾದಿನ ಎನ್‌ಐಡಿಯಲ್ಲಿ ಒಂದು ಎಲೆಕ್ಟ್ರಾನಿಕ್ ಸಂಗೀತ ಸ್ಟುಡಿಯೋ ಶುರುವಾಗಿತ್ತು. ಮೂಗ್ ಸಿಂಥಸೈಜರ್ ತಂದು ಜೋಡಿಸಿದ್ದು ಅಮೆರಿಕದ ಡೇವಿಡ್ ಟ್ಯೂಡರ್. ಗೀತಾ ಸಾರಾಭಾಯಿಯಂಥವರು ಅಲ್ಲಿ ಕೆಲಸ ಮಾಡಿದರು. ಕೆಲವೇ ವರ್ಷಕ್ಕೆ ಅದು ನಿಂತಿತು. ಟೇಪುಗಳು ಮಾತ್ರ ಉಳಿದು, ಆಯ್ದ ಕೆಲವು 2023ರಲ್ಲಿ ಹೊರಬಂದವು. ಹುಡುಕಿ ಕೇಳ್ರಿ, ನಿನ್ನೆ ಮಾಡಿದ ಹಾಗಿವೆ.

ಈಗ ಅಪ್ಪಾಜಿಗೆ ಉತ್ತರ. ಸಂಗೀತಕ್ಕಾದರೆ ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಹೆಸರಿನ ವಿಶ್ವವಿದ್ಯಾಲಯವೇ ಇದೆ, ಬಸವಕಲ್ಯಾಣದಿಂದ 700 ಕಿಲೋಮೀಟರಿಗೂ ಹೆಚ್ಚು. ಸಿನಿಮಾ ಸೌಂಡ್ ಆದರೆ ಬೆಂಗಳೂರು ಹೊರವಲಯದ ಹೆಸರಘಟ್ಟದಲ್ಲಿ ಸರ್ಕಾರಿ ಫಿಲ್ಮ್ ಇನ್‌ಸ್ಟಿಟ್ಯೂಟ್. ನಿಮ್ಮೂರಿಗೆ ಅದಕ್ಕಿಂತ ಹತ್ತಿರ ಪುಣೆಯ ಎಫ್‌ಟಿಐಐ. ಸಸ್ತಾಪುರ ಬಂಗ್ಲಾದಲ್ಲಿ ಹೈವೇ ಹಿಡಿದರೆ ಸೊಲ್ಲಾಪುರ ದಾಟಿ ಸೀದಾ ಪುಣೆ. ಆಸ್ಕರ್ ಗೆದ್ದ ರಸೂಲ್ ಪೂಕುಟ್ಟಿ ಓದಿದ್ದು ಅಲ್ಲೇ. ಅಲ್ಲಿಗೆ ಡಿಗ್ರಿ ಮುಗಿಸಿರಬೇಕು. ಸೌಂಡ್ ವಿಭಾಗಕ್ಕೆ ಪಿಯುಸಿಯಲ್ಲಿ ಫಿಸಿಕ್ಸ್ ಇರಬೇಕು ಅಂತಲೂ ಕೇಳ್ತಾ ಬಂದಿದ್ದಾರೆ. ನನ್ನಂಥ ಕಾಮರ್ಸ್‌ನವರಿಗೆ ಬಾಗಿಲು ಮುಚ್ಚಿತು. ನಿನಗೆ ತೆರೆದಿದೆ ತಂಗಿ, ಫಿಸಿಕ್ಸ್ ಬಿಡಬೇಡ. ಆ ವರ್ಷದ ಪ್ರಕಟಣೆ ನೋಡಿಕೊಂಡೇ ಅರ್ಜಿ ಹಾಕು.

ಇದನ್ನೆಲ್ಲ ಅವಳಿಗೆ ಹೇಳಿದ ಮೇಲೆ ಅವಳು ಒಂದು ಕ್ಲಿಪ್ ಕಳಿಸಿದಳು. ಅವರ ಅಜ್ಜಿ ಬೀಸುವ ಪದ ಹಾಡ್ತಿದ್ದಾರೆ. ಬೀಸುಕಲ್ಲು ಮೂಲೆ ಸೇರಿ ವರ್ಷಗಳಾಗಿವೆ, ಅದಕ್ಕೇ ನೆಲದ ಮೇಲೆ ಕೈ ತಿರುಗಿಸ್ತಾ ಹಾಡಿದರಂತೆ, ಕೈ ಆಡದೆ ಹಾಡು ನೆನಪಾಗಲ್ಲವಂತೆ. ಮಧ್ಯದಲ್ಲಿ ಕುಕ್ಕರ್ ಎರಡು ಸಲ ಸೀಟಿ ಹೊಡೆಯುತ್ತೆ. "ಸೀಟಿ ಹೆಂಗ್ ತೆಗೀಲಿ ಅಕ್ಕಾ?" ಅಂತ ಕೇಳಿದಳು. ತೆಗೀಬೇಡ ಅಂದೆ.

ಆ ಕ್ಲಿಪ್ ಇಲ್ಲಿ ಹಾಕೋಣ ಅಂತ ಆಸೆ ಇತ್ತು. ಅಜ್ಜಿ ಒಪ್ಪಲಿಲ್ಲ. "ನನ್ನ ದನಿ ಊರಿಗೆಲ್ಲಾ ಯಾಕವ್ವಾ?" ಅಂದರಂತೆ. ಹಾಗಾಗಿ ಹಾಕ್ತಿಲ್ಲ.