ಎರಡು ಕಡಲುಗಳ ಸಂಗಮ: ದಾರಾ ಶಿಕೋಹ್ ಮತ್ತು ಏಕದೇವತ್ವದ ಅನ್ವೇಷಣೆ

ಇಸ್ಲಾಮಿನ ಬುನಾದಿ ತೌಹೀದ್. ಅಲ್ಲಾಹನು ಏಕೈಕನು, ಅವನಿಗೆ ಸಮಾನರಾಗಲಿ ಸಹಭಾಗಿಗಳಾಗಲಿ ಇಲ್ಲ ಎಂಬ ಸಾಕ್ಷ್ಯವಚನದೊಂದಿಗೆ ಮುಸ್ಲಿಮನ ಬದುಕು ಆರಂಭವಾಗುತ್ತದೆ. ಕೊನೆಯುಸಿರಿನಲ್ಲೂ ಅದೇ ವಚನ ನಾಲಗೆಯ ಮೇಲಿರಲಿ ಎಂದು ಅವನು ಬೇಡಿಕೊಳ್ಳುತ್ತಾನೆ. ಹಲವು ಧರ್ಮಗಳ ಜನರೊಡನೆ ಒಂದೇ ಓಣಿಯಲ್ಲಿ ಬಾಳುವ ನಮ್ಮ ಮನೆಗಳಲ್ಲಿ ಮಕ್ಕಳು ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತಾರೆ: ದೇವನು ಒಬ್ಬನೇ ಆಗಿದ್ದರೆ ನೆರೆಮನೆಯವರು ಕರೆಯುತ್ತಿರುವುದು ಯಾರನ್ನು? ಈ ಪ್ರಶ್ನೆಗೆ ಎರಡು ಸುಲಭದ ಉತ್ತರಗಳು ಚಲಾವಣೆಯಲ್ಲಿವೆ. ಎಲ್ಲ ಧರ್ಮಗಳೂ ಒಂದೇ ಎಂಬುದು ಒಂದು. ಅವರಲ್ಲಿ ಸತ್ಯದ ಲವಲೇಶವೂ ಇಲ್ಲ ಎಂಬುದು ಇನ್ನೊಂದು. ನಮ್ಮ ಹಿರಿಯರಾದ ಅನೇಕ ವಿದ್ವಾಂಸರೂ ಸೂಫಿಗಳೂ ಈ ಎರಡರಲ್ಲಿ ಯಾವುದನ್ನೂ ಒಪ್ಪಿ ಸುಮ್ಮನಾಗಲಿಲ್ಲ.

ಅವರನ್ನು ಆಲೋಚನೆಗೆ ಹಚ್ಚಿದ್ದು ಕುರ್‌ಆನ್. ಎಚ್ಚರಿಕೆ ನೀಡುವವನೊಬ್ಬ ಬಂದು ಹೋಗದ ಸಮುದಾಯ ಯಾವುದೂ ಇಲ್ಲವೆಂದು ಸೂರಃ ಫಾತಿರ್‌ನ 24ನೇ ಸೂಕ್ತ ತಿಳಿಸುತ್ತದೆ. ದೇವದೂತರ ಪೈಕಿ ಕೆಲವರ ವೃತ್ತಾಂತವನ್ನು ಮಾತ್ರ ಪ್ರವಾದಿವರ್ಯರಿಗೆ(ಸ) ತಿಳಿಸಲಾಗಿದೆ, ಇನ್ನು ಕೆಲವರದನ್ನು ತಿಳಿಸಿಲ್ಲ ಎಂದು ಸೂರಃ ಗಾಫಿರ್‌ನ 78ನೇ ಸೂಕ್ತ ಹೇಳುತ್ತದೆ. ಹಾಗಾದರೆ ಹಿಂದೂಸ್ತಾನದಂತಹ ವಿಶಾಲ ನಾಡಿಗೆ ಆ ಸಂದೇಶ ಎಂದೂ ಬಂದಿರಲಿಲ್ಲವೇ? ಬಂದಿದ್ದರೆ ಅದರ ಕುರುಹು ಎಲ್ಲಿದೆ? ಈ ಪ್ರಶ್ನೆಯನ್ನು ಬೆನ್ನಟ್ಟಿ ಬಹುದೂರ ಸಾಗಿದವನು ಮೊಗಲ್ ಶಹಜಾದ ದಾರಾ ಶಿಕೋಹ್. ಅವನ ಸಾಧನೆಯನ್ನೂ ಕೊರತೆಯನ್ನೂ ಅರಿಯಬೇಕಾದರೆ ಅವನಿಗಿಂತ ಹಿಂದಿನವರನ್ನು ಮೊದಲು ನೋಡಬೇಕು.

ಅಲ್ ಬಿರೂನಿಯವರ ಮಾದರಿ

ಕ್ರಿ.ಶ. 973ರಲ್ಲಿ ಖ್ವಾರಿಝ್ಮ್‌ನಲ್ಲಿ ಜನಿಸಿದ ಅಬೂ ರೈಹಾನ್ ಅಲ್ ಬಿರೂನಿಯವರು ಗಣಿತಜ್ಞರು, ಖಗೋಳಶಾಸ್ತ್ರಜ್ಞರು. ಘಝ್ನಿಯ ಮಹ್ಮೂದನ ಸೈನ್ಯ ಭಾರತದ ಮೇಲೆ ದಂಡೆತ್ತಿ ಬರುತ್ತಿದ್ದ ಕಾಲದಲ್ಲಿಯೇ ಅವರು ಸಂಸ್ಕೃತ ಕಲಿತರು, ಪಂಡಿತರ ಬಳಿ ಕುಳಿತರು, ಪತಂಜಲಿಯ ಯೋಗಸೂತ್ರವನ್ನು ಅರಬಿಗೆ ತಂದರು. ಸುಮಾರು 1030ರಲ್ಲಿ ಪೂರ್ಣಗೊಂಡ ಅವರ ಕಿತಾಬುಲ್ ಹಿಂದ್ ಖಂಡನಗ್ರಂಥವಾಗಿರಲಿಲ್ಲ. ಹಿಂದೂಗಳು ಏನನ್ನು ನಂಬುತ್ತಾರೋ ಅದನ್ನು ಅವರ ಮಾತಿನಲ್ಲೇ ವರದಿ ಮಾಡುವುದು ತಮ್ಮ ಉದ್ದೇಶವೆಂದು ಅವರು ಆರಂಭದಲ್ಲೇ ಸ್ಪಷ್ಟಪಡಿಸಿದರು. ಈ ನಾಡಿನ ಜ್ಞಾನಿಗಳು ದೇವನನ್ನು ಏಕನೆಂದೂ ಆದಿ ಅಂತ್ಯಗಳಿಲ್ಲದವನೆಂದೂ ನಂಬುತ್ತಾರೆ, ಜನಸಾಮಾನ್ಯರ ಆಚರಣೆಗಳಲ್ಲಿ ಮಾತ್ರ ನಾನಾ ಬಗೆಗಳಿವೆ ಎಂದು ಅವರು ದಾಖಲಿಸಿದರು. ತಮಗೆ ಒಪ್ಪಿಗೆಯಾಗದ್ದನ್ನೂ ಮರೆಮಾಚಲಿಲ್ಲ. ಹಿಂದೂ ಚಿಂತನೆಯನ್ನು ಗ್ರೀಕ್ ತತ್ವಜ್ಞಾನಿಗಳ ಮತ್ತು ಸೂಫಿಗಳ ಮಾತುಗಳೊಡನೆ ಹೋಲಿಸಿದರೂ ಒಂದನ್ನು ಇನ್ನೊಂದರಲ್ಲಿ ಕರಗಿಸಲಿಲ್ಲ. ಮೊದಲು ಕೇಳು, ತಿಳಿದುಕೋ, ಆಮೇಲೆ ತೂಗಿ ನೋಡು ಎಂಬುದು ಅವರ ಕೃತಿ ಕಲಿಸುವ ಪಾಠ.

ಈ ಕೊಡುಕೊಳೆ ಒಮ್ಮುಖವಾಗಿರಲಿಲ್ಲ. ಅದೇ 11ನೇ ಶತಮಾನದಲ್ಲಿ ಅಂದಲೂಸಿಯಾದ ಯಹೂದಿ ವಿದ್ವಾಂಸ ಬಹ್ಯಾ ಇಬ್ನ್ ಪಕೂದಾ ಹೃದಯದ ಕರ್ತವ್ಯಗಳ ಕುರಿತು ಅರಬಿಯಲ್ಲಿ ಬರೆದ ಗ್ರಂಥದ ಮೊದಲ ಅಧ್ಯಾಯವೇ ದೇವನ ಏಕತ್ವವನ್ನು ಕುರಿತದ್ದು. ಅದರ ಪರಿಭಾಷೆಯಲ್ಲಿ ಸೂಫಿ ಬರಹಗಳ ಪ್ರಭಾವ ಎದ್ದು ಕಾಣುತ್ತದೆ. ಪ್ರಸಿದ್ಧ ತತ್ವಜ್ಞಾನಿ ಮೈಮೊನಿದೀಸ್‌ನ ಮಗ, ಈಜಿಪ್ಟಿನ ಯಹೂದಿಗಳ ನಾಯಕನಾಗಿದ್ದ ಅಬ್ರಹಾಂ, ಬನೀ ಇಸ್ರಾಈಲರ ಪ್ರವಾದಿಗಳ ಸಾಧನಾಮಾರ್ಗದ ಅಂಶಗಳು ಸೂಫಿಗಳ ಬಳಿ ಉಳಿದುಕೊಂಡಿವೆ ಎಂದು ಮುಕ್ತವಾಗಿ ಹೊಗಳಿದನು. ಅವನು ಯಹೂದಿಯಾಗಿಯೇ ಬಾಳಿ 1237ರಲ್ಲಿ ಮರಣ ಹೊಂದಿದನು. ಇನ್ನೊಬ್ಬರಲ್ಲಿರುವ ಒಳಿತನ್ನು ಗುರುತಿಸಲು ತನ್ನ ಧರ್ಮವನ್ನು ಬಿಟ್ಟುಕೊಡಬೇಕಾಗಿಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ವುಜೂದ್ ಮತ್ತು ಶುಹೂದ್

ಸೂಫಿಗಳೊಳಗೆ ಒಂದು ಆಳವಾದ ಚರ್ಚೆ ಶತಮಾನಗಳ ಕಾಲ ನಡೆಯಿತು. 1165ರಲ್ಲಿ ಅಂದಲೂಸಿಯಾದ ಮುರ್ಸಿಯಾದಲ್ಲಿ ಜನಿಸಿ 1240ರಲ್ಲಿ ದಮಾಸ್ಕಸ್‌ನಲ್ಲಿ ನಿಧನರಾದ ಶೇಖ್ ಮುಹ್ಯಿದ್ದೀನ್ ಇಬ್ನ್ ಅರಬಿಯವರ ಪ್ರಕಾರ ನಿಜವಾದ ಅರ್ಥದಲ್ಲಿ ಅಸ್ತಿತ್ವವಿರುವುದು ಅಲ್ಲಾಹನಿಗೆ ಮಾತ್ರ. ಜಗತ್ತು ಅವನ ನಾಮ ಮತ್ತು ಗುಣಗಳು ಪ್ರಕಟಗೊಳ್ಳುವ ತಾಣ. ಅವರ ಅನುಯಾಯಿಗಳ ಕಾಲದಲ್ಲಿ ಈ ವಿಚಾರಕ್ಕೆ ವಹ್ದತುಲ್ ವುಜೂದ್, ಅಂದರೆ ಅಸ್ತಿತ್ವದ ಏಕತ್ವ, ಎಂಬ ಹೆಸರು ನೆಲೆಗೊಂಡಿತು.

ಎಲ್ಲ ಸೂಫಿಗಳೂ ಇದನ್ನು ಒಪ್ಪಲಿಲ್ಲ. ತೈಮೂರನು ದಿಲ್ಲಿಯನ್ನು ಲೂಟಿ ಮಾಡಿದ ಕಾಲದಲ್ಲಿ ಅಲ್ಲಿಂದ ಹೊರಟು ನಮ್ಮ ಕಲಬುರಗಿಗೆ ಬಂದು ನೆಲೆಸಿ, 1422ರಲ್ಲಿ ಅಲ್ಲಿಯೇ ವಫಾತಾದ ಹಝ್ರತ್ ಖ್ವಾಜಾ ಬಂದೇ ನವಾಝ್ ಗೇಸುದರಾಝ್(ರ) ಅವರು ಇಬ್ನ್ ಅರಬಿಯವರ ವಿಚಾರವನ್ನು ಕಟುವಾಗಿ ವಿಮರ್ಶಿಸಿದವರಲ್ಲಿ ಪ್ರಮುಖರು. ಸೃಷ್ಟಿಕರ್ತನು ಸೃಷ್ಟಿಗೆ ಅತೀತನು ಎಂಬುದನ್ನು ಅವರು ಒತ್ತಿ ಹೇಳಿದರು. ಎರಡು ಶತಮಾನಗಳ ಅನಂತರ ಶೇಖ್ ಅಹ್ಮದ್ ಸರ್‌ಹಿಂದಿಯವರು(ರ) (1564-1624) ಇದೇ ಆಕ್ಷೇಪಕ್ಕೆ ಶಾಸ್ತ್ರೀಯ ರೂಪ ಕೊಟ್ಟರು. ಹಗಲಿನಲ್ಲಿ ಸೂರ್ಯನ ಪ್ರಭೆಯಿಂದಾಗಿ ನಕ್ಷತ್ರಗಳು ಕಾಣುವುದಿಲ್ಲ. ಹಾಗೆಂದ ಮಾತ್ರಕ್ಕೆ ನಕ್ಷತ್ರಗಳೇ ಇಲ್ಲವೆನ್ನಲಾಗದು. ಸಾಧಕನು ಫನಾ ಸ್ಥಿತಿಯಲ್ಲಿ ಒಬ್ಬನನ್ನೇ ಕಾಣುವುದು ದರ್ಶನದ ಏಕತ್ವ, ವಹ್ದತುಶ್ಶುಹೂದ್. ಅದು ಕಾಣುವವನ ಅನುಭವ. ಅದರಿಂದ ದಾಸನು ಒಡೆಯನಾಗುವುದಿಲ್ಲ. ಮುಂದೆ ದಿಲ್ಲಿಯ ಶಾಹ್ ವಲಿಯುಲ್ಲಾಹ್(ರ) (1703-1762) ಅವರು ಈ ಎರಡು ಪಕ್ಷಗಳ ನಡುವಣ ಭೇದ ಬಹುಮಟ್ಟಿಗೆ ಪದಗಳದ್ದೆಂದು ವಾದಿಸಿ ಸಮನ್ವಯಕ್ಕೆ ಯತ್ನಿಸಿದರು.

ಕನ್ನಡ ನಾಡಿನವರಿಗೆ ಈ ಚರ್ಚೆ ಅಪರಿಚಿತವೆನಿಸದು. ಆತ್ಮವೂ ಬ್ರಹ್ಮವೂ ಒಂದೇ ಎಂಬ ಶಂಕರರ ಅದ್ವೈತವನ್ನು 13ನೇ ಶತಮಾನದಲ್ಲಿ ಉಡುಪಿಯ ಮಧ್ವಾಚಾರ್ಯರು ಪ್ರಬಲವಾಗಿ ನಿರಾಕರಿಸಿ, ದೇವನೂ ಜೀವನೂ ಎಂದೆಂದಿಗೂ ಬೇರೆ ಎಂದು ಸಾರಿದರು. ಎರಡು ಚರ್ಚೆಗಳ ಆಧಾರಗ್ರಂಥಗಳು ಬೇರೆ, ಪರಿಭಾಷೆಯೂ ಬೇರೆ. ಆದರೆ ದೇವನ ಸಾಮೀಪ್ಯವನ್ನು ಅರಸಿದವರಿಗೆ ಎಲ್ಲೆಡೆಯೂ ಎದುರಾಗುವ ಮೂಲ ಪ್ರಶ್ನೆ ಒಂದೇ ತೆರನಾದುದು.

ಶಹಜಾದನ ಅನ್ವೇಷಣೆ

ಷಹಜಹಾನ್ ಮತ್ತು ಮುಮ್ತಾಝ್ ಮಹಲ್‌ರ ಪುತ್ರ ದಾರಾ ಶಿಕೋಹ್ 1615ರ ಮಾರ್ಚ್‌ನಲ್ಲಿ ಅಜ್ಮೀರ್‌ನಲ್ಲಿ ಜನಿಸಿದನು. ಲಾಹೋರಿನ ಖಾದಿರಿ ಸೂಫಿ ಹಝ್ರತ್ ಮಿಯಾನ್ ಮೀರ್(ರ) ಅವರ ಮೇಲೆ ಅವನಿಗೆ ಅಪಾರ ಶ್ರದ್ಧೆಯಿತ್ತು. ಅವರು 1635ರಲ್ಲಿ ನಿಧನರಾದ ಬಳಿಕ ಅವರ ಶಿಷ್ಯ ಮುಲ್ಲಾ ಶಾಹ್ ಬದಖ್ಶಿಯವರನ್ನು ದಾರಾ ಮುರ್ಶಿದ್ ಆಗಿ ಸ್ವೀಕರಿಸಿದನು. ಅವನ ಅಕ್ಕ ಜಹಾನ್ ಆರಾ ಬೇಗಂ ಕೂಡ ಅದೇ ಗುರುವಿನ ಶಿಷ್ಯೆಯಾಗಿ ಅವರ ಕುರಿತು ಗ್ರಂಥ ಬರೆದಳು. ದಾರಾನ ಆರಂಭದ ಕೃತಿಗಳಾದ ಸಫೀನತುಲ್ ಔಲಿಯಾ ಮತ್ತು ಸಕೀನತುಲ್ ಔಲಿಯಾ ಸೂಫಿ ಸಂತರ ಚರಿತ್ರೆಗಳು.

1653ರಲ್ಲಿ ಲಾಹೋರಿನಲ್ಲಿ ಅವನು ಬಾಬಾ ಲಾಲ್ ಎಂಬ ಹಿಂದೂ ಸಾಧುವಿನೊಡನೆ ದೀರ್ಘ ಸಂವಾದ ನಡೆಸಿದನು. ಎರಡು ವರ್ಷಗಳಲ್ಲಿ, 1655ರ ಸುಮಾರಿಗೆ, ಮಜ್ಮಉಲ್ ಬಹ್ರೈನ್ ಎಂಬ ಕಿರುಗ್ರಂಥ ಸಿದ್ಧವಾಯಿತು. ಎರಡು ಕಡಲುಗಳ ಸಂಗಮ ಎಂಬರ್ಥದ ಈ ಹೆಸರನ್ನು ಅವನು ಸೂರಃ ಕಹ್ಫ್‌ನಲ್ಲಿ ಬರುವ ಹಝ್ರತ್ ಮೂಸಾ(ಅ) ಅವರ ಯಾತ್ರೆಯ ವೃತ್ತಾಂತದಿಂದ ಆರಿಸಿದನು. ಸೂಫಿಗಳ ಮತ್ತು ಹಿಂದೂ ಜ್ಞಾನಿಗಳ ಪರಿಭಾಷೆಯನ್ನು ಅಲ್ಲಿ ಪದಕ್ಕೆ ಪದ ಜೋಡಿಸಲಾಗಿದೆ. ಸೂಫಿಗಳ ನಾಸೂತ್, ಮಲಕೂತ್, ಜಬರೂತ್ ಮತ್ತು ಲಾಹೂತ್ ಎಂಬ ನಾಲ್ಕು ಲೋಕಗಳಿಗೆ ಜಾಗ್ರತ್, ಸ್ವಪ್ನ, ಸುಷುಪ್ತಿ ಮತ್ತು ತುರೀಯಗಳು ಸಮಾನವೆಂದಿತು. ರೂಹ್‌ಗೆ ಆತ್ಮ ಜೊತೆಯಾಯಿತು. ಇಶ್ಕ್‌ಗೆ ಮಾಯೆ ಜೊತೆಯಾಯಿತು.

ಅಷ್ಟಕ್ಕೇ ಅವನು ನಿಲ್ಲಲಿಲ್ಲ. ತೌರಾತ್, ಝಬೂರ್, ಇಂಜೀಲ್‌ಗಳನ್ನು ಓದಿದ ಅವನಿಗೆ ಅವುಗಳಲ್ಲಿ ತೌಹೀದಿನ ವಿವರಣೆ ಸಂಕ್ಷಿಪ್ತವೆನಿಸಿತು. ಆಗ ಉಪನಿಷತ್ತುಗಳತ್ತ ತಿರುಗಿ, ಬನಾರಸಿನ ಪಂಡಿತರನ್ನೂ ಸನ್ಯಾಸಿಗಳನ್ನೂ ದಿಲ್ಲಿಗೆ ಕರೆಸಿ, 1657ರಲ್ಲಿ ಸುಮಾರು 50 ಉಪನಿಷತ್ತುಗಳ ಪಾರ್ಸಿ ಅನುವಾದವನ್ನು ಪೂರ್ಣಗೊಳಿಸಿದನು. ಅದಕ್ಕೆ ಸಿರ್ರೆ ಅಕ್ಬರ್, ಅಂದರೆ ಮಹಾರಹಸ್ಯ, ಎಂದು ಹೆಸರಿಟ್ಟನು. ಸೂರಃ ವಾಖಿಅದಲ್ಲಿ ಉಲ್ಲೇಖಿತವಾದ ಕಿತಾಬುನ್ ಮಕ್ನೂನ್, ಅಂದರೆ ಸುರಕ್ಷಿತವಾಗಿ ಅಡಗಿಸಿಟ್ಟ ಗ್ರಂಥ, ಇದುವೇ ಎಂಬುದು ಅವನ ಮುನ್ನುಡಿಯ ವಾದ.

ಸಾಧನೆ ಮತ್ತು ಕೊರತೆ

ಇಲ್ಲಿ ನಾವು ನಿಧಾನಿಸಿ ಯೋಚಿಸಬೇಕು. ದಾರಾನ ಜಿಜ್ಞಾಸೆ ಪ್ರಾಮಾಣಿಕವಾದುದು. ಅಧಿಕಾರದ ತುದಿಯಲ್ಲಿದ್ದವನು ಆಳುವವರ ದರ್ಪವಿಲ್ಲದೆ ಪ್ರಜೆಗಳ ಗ್ರಂಥಗಳ ಮುಂದೆ ವಿದ್ಯಾರ್ಥಿಯಾಗಿ ಕುಳಿತದ್ದು ಸಣ್ಣ ಸಂಗತಿಯಲ್ಲ. ಆದರೂ ಅವನ ಮಾರ್ಗದಲ್ಲಿ ಮೂರು ತೊಡಕುಗಳಿವೆ.

ಮೊದಲನೆಯದಾಗಿ, ಸಾಮ್ಯದ ಹಂಬಲದಲ್ಲಿ ಅವನು ಭೇದಗಳನ್ನು ಅಳಿಸಿದನು. ಸೂಫಿಯ ಪಾಲಿಗೆ ಇಶ್ಕ್ ದೇವನತ್ತ ಸೆಳೆಯುವ ಶಕ್ತಿ. ಅದ್ವೈತಿಯ ಪಾಲಿಗೆ ಮಾಯೆ ಸತ್ಯವನ್ನು ಮರೆಸುವ ತೆರೆ. ಇವೆರಡನ್ನೂ ಒಂದೆನ್ನುವಾಗ ಸೂಫಿಯ ಮಾತೂ ಪಂಡಿತನ ಮಾತೂ ಕಳೆದುಹೋಗುತ್ತವೆ. ಅಲ್ ಬಿರೂನಿಯವರು ಕಾಪಾಡಿಕೊಂಡ ಎಚ್ಚರ ಇಲ್ಲಿ ಕೈತಪ್ಪಿತು.

ಎರಡನೆಯದಾಗಿ, ಕಿತಾಬುನ್ ಮಕ್ನೂನ್ ಕುರಿತ ಅವನ ವ್ಯಾಖ್ಯಾನಕ್ಕೆ ತಫ್ಸೀರ್‌ನ ಪರಂಪರೆಯಲ್ಲಿ ಆಧಾರವಿಲ್ಲ. ಮುಫಸ್ಸಿರರಲ್ಲಿ ಬಹುತೇಕರು ಅದನ್ನು ಲೌಹುಲ್ ಮಹ್ಫೂಝ್ ಎಂದೇ ಅರ್ಥೈಸಿದ್ದಾರೆ. ಕುರ್‌ಆನ್‌ನ ಅರ್ಥವನ್ನು ನಮ್ಮ ಇಚ್ಛೆಗೆ ತಕ್ಕಂತೆ ಬಾಗಿಸುವುದು, ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ, ಸಲ್ಲದು.

ಮೂರನೆಯದು ಇವೆರಡಕ್ಕಿಂತ ಗಂಭೀರವಾದುದು. ಮಜ್ಮಉಲ್ ಬಹ್ರೈನ್ ತನ್ನ ಮನೆತನದವರಿಗಾಗಿ ಬರೆದದ್ದು, ಎರಡೂ ಸಮುದಾಯಗಳ ಜನಸಾಮಾನ್ಯರೊಡನೆ ತನಗೆ ಸಂಬಂಧವಿಲ್ಲ ಎಂದು ದಾರಾ ಹೇಳಿಕೊಂಡನು. ತೌಹೀದ್ ಕೆಲವೇ ಮಂದಿ ಬಲ್ಲವರ ಗುಟ್ಟಾಗಿರಲು ಸಾಧ್ಯವೇ? ಪ್ರವಾದಿವರ್ಯರು(ಸ) ಸಫಾ ಬೆಟ್ಟದ ಮೇಲೆ ನಿಂತು ಎಲ್ಲರನ್ನೂ ಕೂಗಿ ಕರೆದರು. ಗುಲಾಮರಾಗಿದ್ದ ಹಝ್ರತ್ ಬಿಲಾಲ್(ರ) ಅದರ ಮುಅಝ್ಝಿನರಾದರು. ದೇವನು ಒಬ್ಬನೇ ಎಂಬ ಮಾತು ಅರಮನೆಗೆ ಎಷ್ಟು ಸಲ್ಲುತ್ತದೋ ಗುಡಿಸಲಿಗೂ ಅಷ್ಟೇ ಸಲ್ಲುತ್ತದೆ. ಮನುಷ್ಯರ ಸಮಾನತೆಯ ಬೇರು ಇರುವುದೂ ಅದರಲ್ಲೇ.

ದಾರಾನ ಅಂತ್ಯ ದಾರುಣವಾದುದು. 1658ರಲ್ಲಿ ಸಾಮೂಗಢದ ಕಾಳಗದಲ್ಲಿ ಔರಂಗಜೇಬನಿಗೆ ಸೋತು, ಮರುವರ್ಷ ಸೆರೆಸಿಕ್ಕಿ, ಧರ್ಮಭ್ರಷ್ಟತೆಯ ಆರೋಪದ ಮೇಲೆ ದಿಲ್ಲಿಯಲ್ಲಿ ಕೊಲ್ಲಲ್ಪಟ್ಟನು. ಇದನ್ನು ಉದಾರ ಇಸ್ಲಾಮ್ ಮತ್ತು ಕಠೋರ ಇಸ್ಲಾಮ್‌ಗಳ ಯುದ್ಧವೆಂದು ಚಿತ್ರಿಸುವುದು ಇಂದು ವಾಡಿಕೆಯಾಗಿದೆ. ವಾಸ್ತವದಲ್ಲಿ ಅದು ಸಿಂಹಾಸನಕ್ಕಾಗಿ ಸೋದರರ ನಡುವೆ ನಡೆದ ಕದನ. ರಜಪೂತ ಸರದಾರರೂ ಮುಸ್ಲಿಮ್ ಸರದಾರರೂ ಎರಡೂ ಪಾಳೆಯಗಳಲ್ಲಿದ್ದರು. ಗೆದ್ದವನ ಕೈಯಲ್ಲಿ ಫತ್ವಾ ಒಂದು ಆಯುಧವಾಯಿತು. ಒಬ್ಬನ ಬರಹ ತಪ್ಪೆನಿಸಿದರೆ ಅದಕ್ಕೆ ಬರಹದಲ್ಲೇ ಉತ್ತರ ಕೊಡುವ ಉಲಮಾಗಳ ಸತ್ಸಂಪ್ರದಾಯಕ್ಕೆ ಈ ಕೊಲೆಯಿಂದ ಯಾವ ಗೌರವವೂ ಬರಲಿಲ್ಲ.

ಅವನ ಗ್ರಂಥ ಮಾತ್ರ ಉಳಿಯಿತು. ಅದರ ಹಸ್ತಪ್ರತಿ ಫ್ರಾನ್ಸಿನ ಆಂಕೆತಿಲ್ ದ್ಯುಪೆರಾನ್‌ನ ಕೈಸೇರಿ, 1801-02ರಲ್ಲಿ ಲ್ಯಾಟಿನ್ ಅನುವಾದವಾಗಿ ಪ್ರಕಟವಾಯಿತು. ಜರ್ಮನಿಯ ತತ್ವಜ್ಞಾನಿ ಶೋಪೆನ್‌ಹಾವರ್ ಉಪನಿಷತ್ತುಗಳಿಗೆ ಮಾರುಹೋದದ್ದು ಅದೇ ಪುಸ್ತಕದ ಮೂಲಕ. ಯೂರೋಪಿನ ವಿದ್ವಾಂಸರಿಗೆ ಉಪನಿಷತ್ತುಗಳ ಬಾಗಿಲು ತೆರೆದದ್ದು ಒಬ್ಬ ಮುಸ್ಲಿಮ್ ಶಹಜಾದನ ಪಾರ್ಸಿ ಕೃತಿ ಎಂಬುದನ್ನು ನಮ್ಮ ಮಕ್ಕಳೂ ನೆರೆಯವರ ಮಕ್ಕಳೂ ತಿಳಿದಿರಬೇಕು.

ಮಿರ್ಝಾ ಮಝ್ಹರ್‌ರ ಉತ್ತರ

ದಾರಾನ ಪ್ರಶ್ನೆಗೆ ಹೆಚ್ಚು ಸಮತೂಕದ ಉತ್ತರ ದೊರೆತದ್ದು ಸರ್‌ಹಿಂದಿಯವರದೇ ನಕ್ಷಬಂದಿ ಪರಂಪರೆಯಲ್ಲಿ. ದಿಲ್ಲಿಯ ಮಿರ್ಝಾ ಮಝ್ಹರ್ ಜಾನೆ ಜಾನಾನ್(ರ) (1699-1781) ಅವರು ಒಂದು ಪತ್ರದಲ್ಲಿ, ವೇದಗಳ ಮೂಲ ದೈವಿಕವಾದುದು, ಹಿಂದೂಗಳ ಪಂಥಗಳು ದೇವನ ಏಕತ್ವವನ್ನು ಒಪ್ಪುತ್ತವೆ ಎಂದು ಬರೆದರು. ಎಲ್ಲ ಸಮುದಾಯಗಳಿಗೂ ಎಚ್ಚರಿಕೆ ನೀಡುವವರು ಬಂದಿದ್ದಾರೆ ಎಂಬ ಕುರ್‌ಆನ್ ಸೂಕ್ತವೇ ಅವರಿಗೆ ಆಧಾರ. ಅದೇ ಪತ್ರದಲ್ಲಿ, ಅಂತ್ಯಪ್ರವಾದಿಯವರ(ಸ) ಆಗಮನದೊಂದಿಗೆ ಹಿಂದಿನ ಧರ್ಮವಿಧಿಗಳು ರದ್ದಾಗಿವೆ ಎಂಬ ತಮ್ಮ ನಿಲುವನ್ನೂ ಅವರು ಸಡಿಲಿಸಲಿಲ್ಲ. ಅದಕ್ಕೂ ಹಿಂದೆ ಬಾಳಿ ಹೋದವರ ಕುರಿತು ತೀರ್ಪು ಕೊಡದೆ ಮೌನವಾಗಿರುವುದೇ ಲೇಸೆಂದರು.

ಮನೆಯಲ್ಲಿ ಮಕ್ಕಳು ಕೇಳುವ ಪ್ರಶ್ನೆಗೆ ಇಲ್ಲಿ ಉತ್ತರವಿದೆ. ಭೂಮಿ ಆಕಾಶಗಳ ಸೃಷ್ಟಿಕರ್ತನು ಒಬ್ಬನೇ; ನಮಗೊಬ್ಬ, ನೆರೆಯವರಿಗೊಬ್ಬ ಎಂದು ಇಬ್ಬರಿಲ್ಲ. ಅವನು ಯಾವ ಜನಾಂಗವನ್ನೂ ಮಾರ್ಗದರ್ಶನವಿಲ್ಲದೆ ಬಿಟ್ಟಿಲ್ಲ. ಹಾಗಾಗಿ ಇತರರ ಬಳಿ ಅವನ ಏಕತ್ವದ ಸಾಕ್ಷ್ಯ ಕಂಡರೆ ಅಚ್ಚರಿಯಾಗಲಿ ಅಳುಕಾಗಲಿ ಬೇಕಿಲ್ಲ. ಅದೇ ವೇಳೆ ಧರ್ಮಗಳ ನಡುವಣ ಭೇದಗಳೂ ನಿಜವಾದುವು. ಅವುಗಳನ್ನು ಇಲ್ಲವೆನ್ನುವುದು ನಮಗೂ ಅವರಿಗೂ ಮಾಡುವ ಅನ್ಯಾಯ. ನಮ್ಮ ಧರ್ಮವನ್ನು ಅನ್ಯರು ನಮ್ಮಿಂದಲೇ ಕೇಳಿ ತಿಳಿಯಲಿ ಎಂದು ನಾವು ಬಯಸುತ್ತೇವೆ. ಅವರದನ್ನು ಅವರಿಂದಲೇ ಕೇಳಿ ತಿಳಿಯುವ ತಾಳ್ಮೆ ನಮಗೂ ಇರಬೇಕು.

ಸತ್ಯವನ್ನು ಸತ್ಯವೆಂದು ಕಾಣುವ ಕಣ್ಣನ್ನೂ, ಭಿನ್ನಾಭಿಪ್ರಾಯದಲ್ಲೂ ನ್ಯಾಯ ತಪ್ಪದ ನಾಲಗೆಯನ್ನೂ ಅಲ್ಲಾಹನು ನಮಗೆಲ್ಲ ದಯಪಾಲಿಸಲಿ. ಆಮೀನ್.